ಎಸ್‌ಡಿಆರ್‌ನಲ್ಲಿ ಧ್ವನಿಯ ತೊಂದರೆ: ನಮ್ಮ ಮೂರು ಜಿಲ್ಲೆಗಳ ಹ್ಯಾಮ್ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್‌ಡಿಆರ್ ಎಂದರೆ ಸಾಫ್ಟ್‌ವೇರ್ ಡಿಫೈನ್ಡ್ ರೇಡಿಯೋ, ಅಂದರೆ ಹೆಚ್ಚಿನ ಕೆಲಸವನ್ನು ಕಂಪ್ಯೂಟರಿನ ತಂತ್ರಾಂಶವೇ ಮಾಡುವ ರೇಡಿಯೋ. ಶಿಡ್ಲಘಟ್ಟದ ಹೊರವಲಯದಲ್ಲಿರುವ ನನಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹವ್ಯಾಸಿ ರೇಡಿಯೋ ಗೆಳೆಯರಿಂದ ಸಂಜೆಯ ಹೊತ್ತು ಬರುವ ಕರೆಗಳು ಬಹುಮಟ್ಟಿಗೆ "ಸಾರ್, ಆಡಿಯೋ ಸರಿಯಿಲ್ಲ" ಎಂದೇ ಆರಂಭವಾಗುತ್ತವೆ. ವಿಚಾರಿಸುತ್ತಾ ಹೋದರೆ ಒಬ್ಬರಿಗೆ ಡ್ರೈವರ್ ಕೂತಿರುವುದಿಲ್ಲ, ಇನ್ನೊಬ್ಬರಿಗೆ ಪಕ್ಕದ ತೋಟದ ಪಂಪ್‌ಸೆಟ್ ಕಾಟ ಕೊಡುತ್ತಿರುತ್ತದೆ, ಮತ್ತೊಬ್ಬರು ಮೋಡ್ (ಎಎಂ, ಎಫ್‌ಎಂ ಎಂಬಂತೆ ಸಿಗ್ನಲ್ ಬಿಡಿಸುವ ಬಗೆ) ತಪ್ಪಾಗಿ ಆರಿಸಿಕೊಂಡಿರುತ್ತಾರೆ. ಕಿವಿಗೆ ಕೇಳುವ ದೋಷವೆಲ್ಲ ಧ್ವನಿ ವಿಭಾಗದಲ್ಲೇ ಹುಟ್ಟಿರಬೇಕಾಗಿಲ್ಲ.

ಆದ್ದರಿಂದ ಯಾವ ಪ್ರಶ್ನೆಗೂ ಮೊದಲು ಒಂದು ಮಾತು. ಆಂಟೆನಾದಿಂದ ಹೊರಟ ಸಿಗ್ನಲ್ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರಿಸೀವರ್), ಯುಎಸ್‌ಬಿ, ಸಾಫ್ಟ್‌ವೇರ್, ಸೌಂಡ್ ಕಾರ್ಡ್ ದಾಟಿ ಕಿವಿಯನ್ನು ತಲುಪುತ್ತದೆ. ಈ ದಾರಿಯ ನಡುವೆ, ಸಿಗ್ನಲ್‌ಗಳನ್ನು ಫ್ರೀಕ್ವೆನ್ಸಿವಾರು ತೋರಿಸುತ್ತಾ ಪರದೆಯ ಮೇಲೆ ಇಳಿಯುವ ವಾಟರ್‌ಫಾಲ್ ಚಿತ್ರವು ಗಡಿಕಲ್ಲಿನಂತೆ ನಿಂತಿದೆ. ದೋಷವು ವಾಟರ್‌ಫಾಲ್‌ನಲ್ಲಿಯೂ ಕಾಣಿಸಿದರೆ ಅದು ಆಂಟೆನಾ, ಡಾಂಗಲ್ ಅಥವಾ ಯುಎಸ್‌ಬಿ ಕಡೆಯದು. ವಾಟರ್‌ಫಾಲ್ ಸ್ವಚ್ಛವಾಗಿದ್ದು ಕಿವಿಗೆ ಮಾತ್ರ ಕೆಟ್ಟದಾಗಿ ಕೇಳಿಸಿದರೆ ಅದು ಮೋಡ್, ಫಿಲ್ಟರ್ ಅಥವಾ ಸೌಂಡ್ ಕಾರ್ಡ್ ಕಡೆಯದು. ಇಷ್ಟನ್ನು ಗಮನಿಸಿದರೆ ಹುಡುಕಾಟದ ಅರ್ಧ ಕೆಲಸ ಮುಗಿದಂತೆ.

ವಾಟರ್‌ಫಾಲ್‌ನಲ್ಲಿ ಸಿಗ್ನಲ್ ಚೆನ್ನಾಗಿ ಕಾಣುತ್ತಿದೆ, ಸದ್ದು ಮಾತ್ರ ಇಲ್ಲವೇ ಇಲ್ಲ. ಎಲ್ಲಿಂದ ಆರಂಭಿಸಬೇಕು?

ಮೊದಲು ಸ್ಕ್ವೆಲ್ಚ್ (ಸಿಗ್ನಲ್ ದುರ್ಬಲವಾದಾಗ ಸದ್ದು ಮುಚ್ಚುವ ವ್ಯವಸ್ಥೆ) ತೆಗೆಯಿರಿ. ಎಫ್‌ಎಂ ಕೇಳುವಾಗ ಏರಿಸಿಟ್ಟ ಸ್ಕ್ವೆಲ್ಚ್ ಮಟ್ಟವು ಎಸ್‌ಎಸ್‌ಬಿಗೆ (ಸಿಂಗಲ್ ಸೈಡ್‌ಬ್ಯಾಂಡ್, ಹ್ಯಾಮ್‌ಗಳು ಮಾತಿಗೆ ಬಳಸುವ ಮೋಡ್) ಬದಲಾಯಿಸಿದಾಗಲೂ ಹಾಗೆಯೇ ಉಳಿದು, ದುರ್ಬಲ ಸಿಗ್ನಲ್‌ಗಳಿಗೆಲ್ಲ ಬಾಗಿಲು ಹಾಕಿಬಿಡುತ್ತದೆ. ಅನಂತರ ಸಾಫ್ಟ್‌ವೇರ್‌ನೊಳಗೆ ಯಾವ ಔಟ್‌ಪುಟ್ ಸಾಧನ ಆಯ್ಕೆಯಾಗಿದೆ ಎಂಬುದನ್ನು ನೋಡಬೇಕು. ಎಚ್‌ಡಿಎಂಐ ಮಾನಿಟರ್ ಜೋಡಿಸಿದಾಗ ಅಥವಾ ಬ್ಲೂಟೂತ್ ಹೆಡ್‌ಸೆಟ್ ಎಚ್ಚರಗೊಂಡಾಗ ವಿಂಡೋಸ್ ತನ್ನ ಡಿಫಾಲ್ಟ್ ಸಾಧನವನ್ನು ಬದಲಾಯಿಸಬಹುದು. ಸದ್ದು ಸ್ಪೀಕರೇ ಇಲ್ಲದ ಮಾನಿಟರ್‌ಗೆ ಹೋಗುತ್ತಿರುತ್ತದೆ, ನಾವು ಇತ್ತ ಕಾಯುತ್ತಿರುತ್ತೇವೆ. ಎಸ್‌ಡಿಆರ್ ಶಾರ್ಪ್, ಎಸ್‌ಡಿಆರ್ ಪ್ಲಸ್ ಪ್ಲಸ್, ಎಚ್‌ಡಿಎಸ್‌ಡಿಆರ್ ಯಾವುದೇ ತಂತ್ರಾಂಶವಿರಲಿ, "ಡಿಫಾಲ್ಟ್" ಎಂದು ಬಿಡದೆ ಸಾಧನದ ಹೆಸರನ್ನೇ ಆರಿಸಿಡುವುದು ಕ್ಷೇಮ.

ಮೋಡ್ ಬಗ್ಗೆ ಅನುಮಾನವಿದ್ದರೆ ತಿಳಿದಿರುವ ಗಟ್ಟಿ ಸಿಗ್ನಲ್ ಒಂದನ್ನು ಹಿಡಿಯಬೇಕು. ಬೆಂಗಳೂರಿನ ಕಡೆಗಿರುವ ಊರುಗಳಲ್ಲಿ ಆಕಾಶವಾಣಿಯ 101.3 ಮೆಗಾಹರ್ಟ್ಸ್ ಎಫ್‌ಎಂ ಇದಕ್ಕೆ ಒಳ್ಳೆಯದು. ಡಬ್ಲ್ಯೂಎಫ್‌ಎಂ (ಅಗಲ ಎಫ್‌ಎಂ) ಮೋಡ್, 200 ಕಿಲೋಹರ್ಟ್ಸ್ ಅಗಲ ಇಟ್ಟಾಗ ಹಾಡು ಕೇಳಿಸಿತೆಂದರೆ ಡಾಂಗಲ್‌ನಿಂದ ಸ್ಪೀಕರ್‌ವರೆಗಿನ ದಾರಿಯೆಲ್ಲ ಸರಿಯಾಗಿದೆ ಎಂದೇ ಅರ್ಥ.

ನನ್ನದೇ ಒಂದು ಕಥೆಯನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಸದ್ದಿಲ್ಲವೆಂದು ಮೂರು ಸಂಜೆ ಡ್ರೈವರ್ ತೆಗೆದು ಹಾಕಿ, ಸಾಫ್ಟ್‌ವೇರ್ ಬದಲಿಸಿ ಸುಸ್ತಾಗಿದ್ದೆ. ಮೇಜಿನ ಹಿಂದೆ ಬಿದ್ದ ಪೆನ್ಸಿಲ್ ತೆಗೆಯಲು ಬಗ್ಗಿದ ತಂಗಿಯ ಮಗ, "ಮಾವ, ಹೆಡ್‌ಫೋನ್ ಗುಲಾಬಿ ತೂತಿನಲ್ಲಿದೆಯಲ್ಲ" ಎಂದ. ಹಸಿರು ತೂತು ಸ್ಪೀಕರ್‌ಗೆ, ಗುಲಾಬಿ ಮೈಕ್‌ಗೆ ಎಂಬುದು ನನಗೂ ಗೊತ್ತಿತ್ತು.

ವಾಟರ್‌ಫಾಲೇ ಚಲಿಸುತ್ತಿಲ್ಲ. ಇದಕ್ಕೇನು?

ಆರ್‌ಟಿಎಲ್2832ಯು ಚಿಪ್ ಇರುವ ಡಾಂಗಲ್ ಮೂಲತಃ ಟಿವಿ ನೋಡಲೆಂದು ತಯಾರಾದದ್ದು. ಹಾಗಾಗಿ ವಿಂಡೋಸ್ ಅದಕ್ಕೆ ತಾನಾಗಿಯೇ ಟಿವಿ ಡ್ರೈವರನ್ನು ಅಂಟಿಸುತ್ತದೆ. ಜಾಡಿಗ್ ಎಂಬ ಉಚಿತ ತಂತ್ರಾಂಶದಿಂದ "ಬಲ್ಕ್-ಇನ್, ಇಂಟರ್‌ಫೇಸ್ 0" ಎಂಬುದಕ್ಕೆ ವಿನ್‌ಯುಎಸ್‌ಬಿ ಡ್ರೈವರ್ ಹಾಕಬೇಕು. ಡಾಂಗಲನ್ನು ಬೇರೆ ಯುಎಸ್‌ಬಿ ತೂತಿಗೆ ಬದಲಿಸಿದಾಗ ಇದೇ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಗಬಹುದು. ಲಿನಕ್ಸ್‌ನಲ್ಲಿ ಟಿವಿ ಮಾಡ್ಯೂಲನ್ನು ಕಪ್ಪುಪಟ್ಟಿಗೆ ಸೇರಿಸಿ ಯಂತ್ರವನ್ನು ಮರುಚಾಲನೆ ಮಾಡಿದರೆ ಸಾಕು.

ಧ್ವನಿಯು ತುಂಡು ತುಂಡಾಗಿ, ತೊದಲಿದಂತೆ ಬರುತ್ತದೆ. ಕಂಪ್ಯೂಟರ್ ಹಳೆಯದಾದ ಕಾರಣವೇ?

ಇರಬಹುದು, ಆದರೆ ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಸ್ವಲ್ಪ ಲೆಕ್ಕ ಹಾಕೋಣ. ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್ (ಸಿಗ್ನಲ್‌ನ ಅಳತೆ), ಪ್ರತಿ ಸ್ಯಾಂಪಲ್‌ಗೆ 2 ಬೈಟ್ ಎಂದರೆ ಡಾಂಗಲ್‌ನಿಂದ ಸೆಕೆಂಡಿಗೆ 48 ಲಕ್ಷ ಬೈಟ್ ಎಡೆಬಿಡದೆ ಹರಿದು ಬರುತ್ತದೆ. 7 ಮೆಗಾಹರ್ಟ್ಸ್‌ನ ನಮ್ಮ ಬ್ಯಾಂಡ್ ಇರುವುದೇ 7.0ರಿಂದ 7.2ರವರೆಗೆ, ಅಂದರೆ 200 ಕಿಲೋಹರ್ಟ್ಸ್. ಇಷ್ಟು ಕಿರಿದಾದ ಬ್ಯಾಂಡ್ ಕೇಳಲು 24 ಲಕ್ಷದ ಅಗತ್ಯವಿಲ್ಲ, 2.5 ಲಕ್ಷ ಅಥವಾ 10 ಲಕ್ಷಕ್ಕೆ ಇಳಿಸಿದರೆ ಹಳೆಯ ಯಂತ್ರಗಳೂ ನಿರಾಳವಾಗಿ ಉಸಿರಾಡುತ್ತವೆ. 32 ಲಕ್ಷಕ್ಕೆ ಏರಿಸುವುದಂತೂ ಬೇಡ, ಏಕೆಂದರೆ ಆ ವೇಗದಲ್ಲಿ ಈ ಚಿಪ್ ಸ್ಯಾಂಪಲ್‌ಗಳನ್ನು ಕೈಬಿಡುತ್ತದೆ.

ಮುಂದೆ ಯುಎಸ್‌ಬಿ ಕಡೆ ಬನ್ನಿ. ವಿದ್ಯುತ್ ಇಲ್ಲದ ಅಗ್ಗದ ಹಬ್, ಮೂರು ಮೀಟರ್ ಉದ್ದದ ತೆಳು ಎಕ್ಸ್‌ಟೆನ್ಷನ್ ಕೇಬಲ್, ಅದೇ ಹಬ್‌ನಲ್ಲಿ ಚಾರ್ಜ್ ಆಗುತ್ತಿರುವ ಮೊಬೈಲ್ ಇವೆಲ್ಲ ತೊದಲಿಗೆ ಕಾರಣ. ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುವಾಗ ಮಾತ್ರ ತೊದಲಿದರೆ ಪವರ್ ಸೇವಿಂಗ್ ವ್ಯವಸ್ಥೆಯನ್ನು ಅನುಮಾನಿಸಬೇಕು. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬುದನ್ನು ನಿಲ್ಲಿಸಿ ನೋಡಿ.

ಇಲ್ಲಿಯೂ ವಾಟರ್‌ಫಾಲ್ ಸಾಕ್ಷಿ ಹೇಳುತ್ತದೆ. ಸ್ಯಾಂಪಲ್ ಕಳೆದುಹೋದಾಗ ಅದರಲ್ಲಿ ಅಡ್ಡಲಾಗಿ ಗೆರೆ ಬಿದ್ದಂತೆ ಅಥವಾ ಚಿತ್ರ ಕುಪ್ಪಳಿಸಿದಂತೆ ಕಾಣುತ್ತದೆ. ವಾಟರ್‌ಫಾಲ್ ನುಣುಪಾಗಿ ಇಳಿಯುತ್ತಿದ್ದು ಧ್ವನಿ ಮಾತ್ರ ತುಂಡಾಗುತ್ತಿದ್ದರೆ ಆಡಿಯೋ ಬಫರ್ (ನುಡಿಸುವ ಮುನ್ನ ಸ್ಯಾಂಪಲ್ ಕೂಡಿಡುವ ಜಾಗ) ಅಥವಾ ಲೇಟೆನ್ಸಿ (ತಡ) ಮೌಲ್ಯವನ್ನು 100 ಮಿಲಿಸೆಕೆಂಡಿನ ಆಸುಪಾಸಿಗೆ ಏರಿಸಿರಿ.

ಮೊದಲು ಚೆನ್ನಾಗಿದ್ದು, ಅರ್ಧ ಗಂಟೆಗೊಮ್ಮೆ "ಟಕ್" ಎಂದು ಕಡಿಯುತ್ತದೆ. ಯಾವ ಸೆಟ್ಟಿಂಗ್ ಮುಟ್ಟಿದರೂ ಹೋಗುತ್ತಿಲ್ಲ.

ಇದು ದೋಷವಲ್ಲ, ಎರಡು ಗಡಿಯಾರಗಳ ಜಗಳ. ಡಾಂಗಲ್ ತನ್ನ ಹರಳಿನ ಗಡಿಯಾರದಂತೆ ಸ್ಯಾಂಪಲ್ ಕಳುಹಿಸುತ್ತದೆ. ಸೌಂಡ್ ಕಾರ್ಡ್ ತನ್ನದೇ ಇನ್ನೊಂದು ಹರಳಿನಂತೆ ಅವನ್ನು ನುಡಿಸುತ್ತದೆ. ಇವೆರಡರ ನಡುವೆ 50 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ 50ರಷ್ಟು ಅಂತರವಿದೆ ಎಂದುಕೊಳ್ಳಿ. 48,000 ವೇಗದಲ್ಲಿ ಸೆಕೆಂಡಿಗೆ 2.4 ಸ್ಯಾಂಪಲ್ ಹೆಚ್ಚಾಗುತ್ತದೆ ಇಲ್ಲವೇ ಕಡಿಮೆ ಬೀಳುತ್ತದೆ. 100 ಮಿಲಿಸೆಕೆಂಡಿನ ಬಫರ್ ತುಂಬಿ ತುಳುಕಲು ಅಥವಾ ಬರಿದಾಗಲು 2,000 ಸೆಕೆಂಡು, ಅಂದರೆ ಸುಮಾರು 33 ನಿಮಿಷ ಬೇಕು. ನಿಮ್ಮ ಅರ್ಧ ಗಂಟೆಯ ಲೆಕ್ಕ ಇದೇ. ಬಫರ್ ದೊಡ್ಡದು ಮಾಡಿದರೆ ಕಡಿತ ಅಪರೂಪವಾಗುತ್ತದೆ, ಆದರೆ ಸಂಪೂರ್ಣ ಹೋಗುವುದಿಲ್ಲ. ಕೆಲವು ತಂತ್ರಾಂಶಗಳು ವೇಗವನ್ನು ತಾವಾಗಿಯೇ ಸರಿದೂಗಿಸಿಕೊಳ್ಳುತ್ತವೆ. ಮಾತು ಕೇಳುವುದಕ್ಕೆ ಇದೇನೂ ಅಡ್ಡಿಯಲ್ಲ. ಬಿಟ್ಟುಬಿಡಿ ಎಂಬುದು ನನ್ನ ಸಲಹೆ.

ಧ್ವನಿಯ ಶ್ರುತಿಯೇ ಬದಲಾಗಿದ್ದರೆ ಮಾತ್ರ ಬೇರೆ ವಿಚಾರ. ಆಡಿಯೋ ಸ್ಯಾಂಪಲ್ ರೇಟ್ ಒಂದು ಕಡೆ 44,100, ಇನ್ನೊಂದು ಕಡೆ 48,000 ಎಂದು ಇದ್ದರೆ ಧ್ವನಿ ಶೇಕಡ 8-9ರಷ್ಟು ದಪ್ಪಗೋ ತೆಳ್ಳಗೋ ಆಗಬಹುದು. ಎಲ್ಲ ಕಡೆಯೂ 48,000 ಎಂದೇ ಇಟ್ಟುಬಿಡಿ.

ಎಸ್‌ಎಸ್‌ಬಿಯಲ್ಲಿ ಮಾತು ಬಾತುಕೋಳಿ ಕೂಗಿದಂತೆ ಕೇಳಿಸುತ್ತದೆ. ಟ್ಯೂನ್ ಮಾಡಿದರೂ ಸರಿಹೋಗುವುದಿಲ್ಲ.

ಟ್ಯೂನ್ ಮಾಡಿದಾಗ ಸರಿಹೋಗುವುದಾದರೆ ಅದು ಬರೀ ಫ್ರೀಕ್ವೆನ್ಸಿ ವ್ಯತ್ಯಾಸ. ಏನು ಮಾಡಿದರೂ ಮಾತು ಅರ್ಥವಾಗದಿದ್ದರೆ ಸೈಡ್‌ಬ್ಯಾಂಡ್ ತಲೆಕೆಳಗಾಗಿದೆ. 10 ಮೆಗಾಹರ್ಟ್ಸ್‌ಗಿಂತ ಕೆಳಗೆ ಮಾತಿಗೆ ಎಲ್‌ಎಸ್‌ಬಿ (ಲೋವರ್ ಸೈಡ್‌ಬ್ಯಾಂಡ್), ಮೇಲೆ ಯುಎಸ್‌ಬಿ ಬಳಸುವುದು ರೂಢಿ. ಎಫ್‌ಟಿ8 ಎಂಬ ಡಿಜಿಟಲ್ ಮೋಡ್ ಮಾತ್ರ ಎಲ್ಲ ಬ್ಯಾಂಡ್‌ಗಳಲ್ಲೂ ಯುಎಸ್‌ಬಿ. ಇಲ್ಲಿ ಹೇಳುವ ಯುಎಸ್‌ಬಿ ಎಂದರೆ ಅಪ್ಪರ್ ಸೈಡ್‌ಬ್ಯಾಂಡ್, ಕಂಪ್ಯೂಟರಿನ ತೂತಲ್ಲ. ಈ ಎರಡು ಹೆಸರು ಒಂದೇ ಆಗಿರುವುದರಿಂದ ಫೋನಿನಲ್ಲಿ ವಿವರಿಸುವಾಗ ನಾನು ಅನುಭವಿಸಿದ ಪಾಡು ಅಷ್ಟಿಷ್ಟಲ್ಲ. ಮೋಡ್ ಸರಿಯಿದ್ದೂ ತಲೆಕೆಳಗಾಗಿದ್ದರೆ "ಐಕ್ಯೂ ಸ್ವಾಪ್" ಅಥವಾ "ಇನ್ವರ್ಟ್ ಸ್ಪೆಕ್ಟ್ರಮ್" ಗುರುತನ್ನು ಅದಲುಬದಲು ಮಾಡಿ ನೋಡಬೇಕು.

ಡೈರೆಕ್ಟ್ ಸ್ಯಾಂಪ್ಲಿಂಗ್‌ನಲ್ಲಿ (ಟ್ಯೂನರ್ ಬಿಟ್ಟು ಸಿಗ್ನಲನ್ನು ನೇರ ಚಿಪ್‌ಗೆ ಕೊಡುವ ವಿಧಾನ) ಎಚ್‌ಎಫ್ (3ರಿಂದ 30 ಮೆಗಾಹರ್ಟ್ಸ್) ಕೇಳುವವರಿಗೆ ಇನ್ನೊಂದು ಬಲೆ ಕಾದಿದೆ. ಈ ವಿಧಾನದಲ್ಲಿ ಚಿಪ್ 28.8 ಮೆಗಾಹರ್ಟ್ಸ್ ವೇಗದಲ್ಲಿ ಸ್ಯಾಂಪಲ್ ಮಾಡುವುದರಿಂದ 14.4 ಮೆಗಾಹರ್ಟ್ಸ್ ಕನ್ನಡಿಯಂತೆ ವರ್ತಿಸುತ್ತದೆ. 14.6ರಲ್ಲಿರುವ ಸಿಗ್ನಲ್ 14.2ರಲ್ಲಿಯೂ, ಅದೂ ತಿರುಗುಮುರುಗಾಗಿ, ಕಾಣಿಸಿಕೊಳ್ಳುತ್ತದೆ. ನಮ್ಮ 20 ಮೀಟರ್ ಬ್ಯಾಂಡ್ 14.0ರಿಂದ 14.35ರವರೆಗೆ ಸರಿಯಾಗಿ ಈ ಕನ್ನಡಿಯ ಮಗ್ಗುಲಲ್ಲೇ ಕೂತಿರುವುದು ದುರದೃಷ್ಟ. ಸಾಫ್ಟ್‌ವೇರ್‌ನ ಯಾವ ಗುಂಡಿ ಒತ್ತಿದರೂ ಇದು ಹೋಗುವುದಿಲ್ಲ. ಡಾಂಗಲ್‌ನ ಮುಂದೆ ಫಿಲ್ಟರ್ ಹಾಕಬೇಕು ಅಥವಾ ಸಿಗ್ನಲನ್ನು ಮೇಲಿನ ಫ್ರೀಕ್ವೆನ್ಸಿಗೆ ಏರಿಸುವ ಅಪ್‌ಕನ್ವರ್ಟರ್ ಇರುವ ಡಾಂಗಲ್ ಬಳಸಬೇಕು.

145 ಮೆಗಾಹರ್ಟ್ಸ್ ಎಫ್‌ಎಂನಲ್ಲಿ ಮಾತು ಹರಿದಂತೆ, ಕರಕರ ಎನ್ನುವಂತೆ ಬರುತ್ತದೆ.

ಟಿಸಿಎಕ್ಸ್‌ಒ (ತಾಪ ಬದಲಾದರೂ ಅಷ್ಟಾಗಿ ಅಲುಗದ ಹರಳಿನ ಗಡಿಯಾರ) ಇಲ್ಲದ ಅಗ್ಗದ ಡಾಂಗಲ್‌ನಲ್ಲಿ 50 ಪಿಪಿಎಂ ದೋಷ ಅಸಾಮಾನ್ಯವೇನಲ್ಲ. 7 ಮೆಗಾಹರ್ಟ್ಸ್‌ನಲ್ಲಿ ಅದು ಬರೀ 350 ಹರ್ಟ್ಸ್, ಆದರೆ 145ರಲ್ಲಿ 7.25 ಕಿಲೋಹರ್ಟ್ಸ್ ಆಗುತ್ತದೆ. ಎಫ್‌ಎಂ ಮಾತಿನ ಒಂದು ಪಕ್ಕವೇ ಫಿಲ್ಟರಿನ ಹೊರಗೆ ಬೀಳುವುದರಿಂದ ಜೋರಾಗಿ ಮಾತನಾಡಿದಾಗಲೆಲ್ಲ ಹರಿದಂತೆ ಕೇಳಿಸುತ್ತದೆ. ಡಾಂಗಲ್ ಹತ್ತು ಹದಿನೈದು ನಿಮಿಷ ಬೆಚ್ಚಗಾದ ಮೇಲೆ ಪಿಪಿಎಂ ತಿದ್ದುಪಡಿ ಮಾಡಿ, ಎನ್‌ಎಫ್‌ಎಂ (ಕಿರಿದಾದ ಎಫ್‌ಎಂ) ಫಿಲ್ಟರ್ 12.5 ಕಿಲೋಹರ್ಟ್ಸ್ ಇಡಿ. ಬಾಹ್ಯಾಕಾಶ ನಿಲ್ದಾಣದ 145.800 ಕೇಳುವಾಗ ಡಾಪ್ಲರ್ ಪರಿಣಾಮದಿಂದಾಗಿ ಫ್ರೀಕ್ವೆನ್ಸಿಯು ನಿಲ್ದಾಣ ಬರುವಾಗ 3 ಕಿಲೋಹರ್ಟ್ಸ್‌ಗಿಂತ ತುಸು ಹೆಚ್ಚು ಮೇಲಕ್ಕೂ, ಹೋಗುವಾಗ ಅಷ್ಟೇ ಕೆಳಕ್ಕೂ ಸರಿಯುವುದನ್ನು ನೆನಪಿಡಬೇಕು.

ಯಾವಾಗಲೂ ಗೊರಗೊರ ಸದ್ದು. ನಮ್ಮ ಊರಿನಲ್ಲಿ ಎಚ್‌ಎಫ್ ಕೇಳುವುದೇ ಕಷ್ಟವಾಗಿದೆ. ಸಾಫ್ಟ್‌ವೇರ್‌ನ ನಾಯ್ಸ್ ರಿಡಕ್ಷನ್ ಸಾಲುತ್ತಿಲ್ಲ.

ಈ ಪ್ರಶ್ನೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ನಮ್ಮ ಬಯಲುಸೀಮೆಯಲ್ಲಿ ಹತ್ತರಲ್ಲಿ ಆರೇಳು ದೂರುಗಳು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ. ನಾಯ್ಸ್ ರಿಡಕ್ಷನ್ ಒತ್ತುವ ಮೊದಲು ಗದ್ದಲ ಎಲ್ಲಿಂದ ಬರುತ್ತಿದೆ ಎಂದು ಕಂಡುಹಿಡಿಯಬೇಕು.

ಮೊದಲ ಪರೀಕ್ಷೆ ಆಂಟೆನಾ ಬಿಚ್ಚುವುದು. ಬಿಚ್ಚಿದಾಗಲೂ ಗದ್ದಲ ಹಾಗೆಯೇ ಇದ್ದರೆ ಅದು ನಿಮ್ಮ ಕಂಪ್ಯೂಟರ್, ಕೇಬಲ್ ಅಥವಾ ಡಾಂಗಲ್‌ನೊಳಗಿನದು. ಬಿದ್ದುಹೋದರೆ ಆಂಟೆನಾ ಮೂಲಕ ಬರುತ್ತಿದೆ. ಎರಡನೆಯದು ಮನೆಯ ಮೈನ್ ಸ್ವಿಚ್ ಇಳಿಸಿ, ಲ್ಯಾಪ್‌ಟಾಪನ್ನು ಬ್ಯಾಟರಿಯ ಮೇಲೆ ನಡೆಸಿ ಕೇಳುವುದು. ಯುಪಿಎಸ್ ಇದ್ದರೆ ಅದನ್ನೂ ನಿಲ್ಲಿಸಬೇಕು, ಏಕೆಂದರೆ ಅದರ ಇನ್ವರ್ಟರ್ ಸ್ವತಃ ದೊಡ್ಡ ಗದ್ದಲಕೋರ. ಗದ್ದಲ ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಎಂಸಿಬಿ ಏರಿಸುತ್ತಾ ಬನ್ನಿ. ನನ್ನ ಮನೆಯಲ್ಲಿ ಸಿಕ್ಕಿಬಿದ್ದದ್ದು ದೇವರ ಕೋಣೆಯ ಎಲ್‌ಇಡಿ ಮಾಲೆಯ ಅಡಾಪ್ಟರ್.

ಮನೆಯ ಹೊರಗಿನದಾದರೆ ಅದರ ಗುಣ ನೋಡಿ ಗುರುತಿಸಬಹುದು. ಸ್ವಿಚ್ ಮೋಡ್ ಅಡಾಪ್ಟರ್‌ಗಳು ವಾಟರ್‌ಫಾಲ್‌ನಲ್ಲಿ ಹತ್ತಾರು ಕಿಲೋಹರ್ಟ್ಸ್ ಅಂತರಕ್ಕೊಂದರಂತೆ ಮಸುಕಾದ ಕಂಬಗಳನ್ನು ನಿಲ್ಲಿಸುತ್ತವೆ, ಮತ್ತು ಆ ಕಂಬಗಳು ನಿಧಾನವಾಗಿ ಅತ್ತಿತ್ತ ತೇಲುತ್ತವೆ. ಕಂಬದ ಮೇಲಿನ ಸಡಿಲ ಜಂಪರ್ ಅಥವಾ ಬಿರುಕು ಬಿಟ್ಟ ಇನ್ಸುಲೇಟರ್‌ನ ಕಿಡಿಯು ಸೆಕೆಂಡಿಗೆ 100 ಸಲ ಗರ್ ಎನ್ನುತ್ತದೆ, ಏಕೆಂದರೆ ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ಪ್ರತಿ ಆವರ್ತದಲ್ಲೂ ಎರಡು ತುದಿಗಳಿವೆ. ಮಳೆ ಬಿದ್ದ ಮೇಲೆ ಇದು ಕಡಿಮೆಯಾಗುವುದೂ ಉಂಟು. ಕಾಡುಹಂದಿಗೆಂದು ಹಾಕಿದ ಸೋಲಾರ್ ಬೇಲಿ ಸುಮಾರು ಸೆಕೆಂಡಿಗೊಂದು ಸಲ, ಗಡಿಯಾರದಂತೆ ತಪ್ಪದೆ, ಟಕ್ ಎನ್ನುತ್ತದೆ. ಹುಲ್ಲು ಬೆಳೆದು ತಂತಿಗೆ ತಾಗಿದಾಗ ಅಲ್ಲಿ ಕಿಡಿ ಹಾರಿ ಈ ಸದ್ದು ಇನ್ನೂ ಜೋರಾಗುತ್ತದೆ. ಮಧುಗಿರಿ ಕಡೆಯ ಗೆಳೆಯರೊಬ್ಬರು ಬೇಲಿಯ ಮಾಲೀಕರನ್ನು ಒಪ್ಪಿಸಿ ತಾವೇ ಕುಡುಗೋಲು ಹಿಡಿದು ಬೇಲಿಗುಂಟ ಹುಲ್ಲು ಕೊಯ್ದರು. ಟಕ್‌ಟಕ್ ನಿಂತಿತು, ಹುಲ್ಲು ಆ ಮನೆಯ ಹಸುವಿಗಾಯಿತು.

ಕೊಳವೆಬಾವಿ ಮೋಟಾರ್‌ಗಳದ್ದು ಬೇರೆಯೇ ಅಧ್ಯಾಯ. ಹಳೆಯ ಸ್ಟಾರ್ಟರ್ ಇರುವ ಮೋಟಾರ್ ಶುರುವಾಗುವಾಗ ಒಮ್ಮೆ ಚಟ್ ಎಂದು ಸುಮ್ಮನಾಗುತ್ತದೆ. ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಸಾಧನ) ಅಳವಡಿಸಿದ ಮೋಟಾರ್ ಹಾಗಲ್ಲ. ಅದರ ಸ್ವಿಚಿಂಗ್ ಕೆಲವು ಕಿಲೋಹರ್ಟ್ಸ್‌ಗೊಂದರಂತೆ ಬ್ಯಾಂಡ್ ತುಂಬ ಬಾಚಣಿಗೆಯ ಹಲ್ಲು ಮೂಡಿಸುತ್ತದೆ, ಮೋಟಾರ್‌ವರೆಗಿನ ನೂರಾರು ಅಡಿ ಕೇಬಲ್ ಅದಕ್ಕೆ ಆಂಟೆನಾ ಆಗುತ್ತದೆ. ಸೋಲಾರ್ ಪಂಪ್ ಆದರೆ ಸೂರ್ಯ ಏರಿದಂತೆ ಏರಿ, ಮೋಡ ಬಂದಾಗ ಇಳಿದು, ಸಂಜೆ ತಾನಾಗಿ ಮಲಗುತ್ತದೆ. ಆದ್ದರಿಂದ ಒಂದು ವಾರ ಗದ್ದಲದ ದಿನಚರಿ ಬರೆಯಿರಿ: ಎಷ್ಟು ಗಂಟೆಗೆ ಬಂತು, ಯಾವಾಗ ಹೋಯಿತು, ಆಗ ತ್ರೀ ಫೇಸ್ ಕರೆಂಟು ಇತ್ತೇ, ಬಿಸಿಲಿತ್ತೇ. ತ್ರೀ ಫೇಸ್ ಬಂದ ನಿಮಿಷಕ್ಕೇ ಗದ್ದಲ ಶುರುವಾದರೆ ಮೋಟಾರಿನ ಕಡೆ ನೋಡಿ. ಬೀದಿದೀಪ ಹತ್ತಿದಾಗ ಶುರುವಾದರೆ ಎಲ್‌ಇಡಿ ಕಡೆ.

ಮೂಲವನ್ನು ಹುಡುಕಲು ದುಬಾರಿ ಉಪಕರಣ ಬೇಕಿಲ್ಲ. ಮನೆಯಲ್ಲಿರುವ ಸಣ್ಣ ಟ್ರಾನ್ಸಿಸ್ಟರ್ ರೇಡಿಯೋವನ್ನು ಮೀಡಿಯಂ ವೇವ್‌ನ ಖಾಲಿ ಜಾಗಕ್ಕೆ ತಿರುಗಿಸಿ ಹೊರಡಿ. ಅದರೊಳಗಿನ ಫೆರೈಟ್ ಕಡ್ಡಿಯ ತುದಿ ಗದ್ದಲದ ಮೂಲದ ಕಡೆ ತಿರುಗಿದಾಗ ಸದ್ದು ಕನಿಷ್ಠವಾಗುತ್ತದೆ. ಎರಡು ಜಾಗಗಳಿಂದ ಹೀಗೆ ದಿಕ್ಕು ಹಿಡಿದರೆ ಗೆರೆಗಳು ಸೇರುವ ಕಡೆ ಕಳ್ಳ ಸಿಗುತ್ತಾನೆ. ಟಿಸಿ (ಟ್ರಾನ್ಸ್‌ಫಾರ್ಮರ್) ಅಥವಾ ಕಂಬದ ಮೇಲೆ ಸಂಶಯ ಬಂದರೆ ಕಂಬದ ಸಂಖ್ಯೆ ಬರೆದುಕೊಂಡು ಲೈನ್‌ಮನ್‌ಗೆ ತಿಳಿಸಿ. ಕಂಬವನ್ನು ಎಳೆದು ಹಿಡಿದಿರುವ ಗೈ ತಂತಿಯನ್ನು ಅಲ್ಲಾಡಿಸಿ ನೋಡುವ ಸಾಹಸವನ್ನು ಯಾರೂ ಮಾಡಕೂಡದು.

ಗದ್ದಲವನ್ನು ನಿಲ್ಲಿಸಲಾಗದಿದ್ದರೆ ಒಳಗೆ ಬರದಂತೆ ತಡೆಯಬಹುದು. ಮನೆಯ ಗದ್ದಲವು ಆಂಟೆನಾದ ಕೋಆಕ್ಸ್ ಕೇಬಲಿನ ಹೊರಮೈ ಮೇಲೆ ಹರಿದು ಆಂಟೆನಾವನ್ನು ಸೇರುತ್ತದೆ. ಎಫ್‌ಟಿ240-31 ಫೆರೈಟ್ ಬಳೆಗೆ ಕೇಬಲನ್ನು ಹತ್ತು ಹನ್ನೆರಡು ಸುತ್ತು ಸುತ್ತಿ ಆಂಟೆನಾದ ಬುಡದಲ್ಲಿ ಒಂದು, ರೇಡಿಯೋ ಕಡೆ ಒಂದು ಹಾಕಿದರೆ ಎಚ್‌ಎಫ್‌ನಲ್ಲಿ ಅದರ ಪರಿಣಾಮ ಎದ್ದು ಕಾಣುತ್ತದೆ. ಆಂಟೆನಾವನ್ನು ಮನೆಯಿಂದ ಹತ್ತು ಮೀಟರ್ ದೂರಕ್ಕೆ ಸರಿಸುವುದು ಸಾಫ್ಟ್‌ವೇರ್‌ನ ಎಲ್ಲ ನಾಯ್ಸ್ ರಿಡಕ್ಷನ್‌ಗಿಂತ ಮೇಲು.

ಕೊನೆಗೆ, ಎಲ್ಲ ಭೋರೆನ್ನುವಿಕೆಯೂ ದೋಷವಲ್ಲ. ನಮ್ಮ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು 1976ರಿಂದ ನಡೆಸಿಕೊಂಡು ಬಂದಿರುವ ರೇಡಿಯೋ ವೀಕ್ಷಣಾಲಯವಿದೆ. ಇಂಗ್ಲಿಷಿನ ಟಿ ಅಕ್ಷರದಂತೆ ಹರಡಿದ ಸಾವಿರ ಡೈಪೋಲ್ ಆಂಟೆನಾಗಳ ಅಲ್ಲಿನ ದೂರದರ್ಶಕ 34.5 ಮೆಗಾಹರ್ಟ್ಸ್‌ನಲ್ಲಿ ಕೇಳಿದ್ದು ಆಕಾಶದ ಇದೇ ಭೋರ್ಗರೆತವನ್ನು. 10 ಮೀಟರ್ ಬ್ಯಾಂಡಿನ ಖಾಲಿ ಜಾಗದಲ್ಲಿ ಆಂಟೆನಾ ಜೋಡಿಸಿದಾಗ ಮೆಲುವಾದ, ಸಮನಾದ ಉಸಿರಿನಂತಹ ಸದ್ದು ಏರಿ, ಬಿಚ್ಚಿದಾಗ ಇಳಿದರೆ ನಿಮ್ಮ ರಿಸೀವರ್ ಆರೋಗ್ಯವಾಗಿದೆ.

ಚಾರ್ಜರ್ ಹಾಕಿದರೆ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ, ತೆಗೆದರೆ ನಿಲ್ಲುತ್ತದೆ.

ವಾಟರ್‌ಫಾಲ್‌ನಲ್ಲಿ ಕಾಣದಿದ್ದರೆ ಇದು ಗ್ರೌಂಡ್ ಲೂಪ್. ಲ್ಯಾಪ್‌ಟಾಪ್ ಮತ್ತು ರೇಡಿಯೋ ಎರಡು ಬೇರೆ ಜಾಗಗಳಲ್ಲಿ ಅರ್ಥ್ ಆಗಿದ್ದು, ನಡುವಿನ ಆಡಿಯೋ ವೈರ್ ಮೇಲೆ 50 ಹರ್ಟ್ಸ್ ಪ್ರವಾಹ ಹರಿಯುತ್ತಿದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ 600:600 ಓಮ್ ಆಡಿಯೋ ಟ್ರಾನ್ಸ್‌ಫಾರ್ಮರ್ ನಡುವೆ ಸೇರಿಸಿ. ಮೂರು ಪಿನ್ನಿನ ಪ್ಲಗ್‌ನಿಂದ ಅರ್ಥ್ ಪಿನ್ ಕಿತ್ತುಹಾಕುವುದು ಪರಿಹಾರವಲ್ಲ, ಪ್ರಾಣಾಪಾಯ.

ಗೇನ್ (ವರ್ಧನೆ) ಹೆಚ್ಚಿಸಿದಷ್ಟೂ ಸಿಗ್ನಲ್ ಚೆನ್ನಾಗಬೇಕಲ್ಲವೇ? ನನಗೆ 7 ಮೆಗಾಹರ್ಟ್ಸ್‌ನಲ್ಲಿ ಸಿನಿಮಾ ಹಾಡು ಕೇಳಿಸುತ್ತಿದೆ.

ಆರ್‌ಟಿಎಲ್ ಡಾಂಗಲ್‌ನಲ್ಲಿ ಸಿಗ್ನಲನ್ನು ಅಂಕಿಗಳಾಗಿಸುವ ಪರಿವರ್ತಕ 8 ಬಿಟ್‌ನದು, ಅಂದರೆ ಒಂದೇ ಹೊತ್ತಿನಲ್ಲಿ ಅದು ನಿಭಾಯಿಸಬಲ್ಲ ದೊಡ್ಡ ಮತ್ತು ಸಣ್ಣ ಸಿಗ್ನಲ್‌ಗಳ ಅಂತರ ಸುಮಾರು 50 ಡೆಸಿಬೆಲ್. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ನಂತಹ ಗಟ್ಟಿ ಸ್ಟೇಷನ್ ಆ ಜಾಗವನ್ನೆಲ್ಲ ನುಂಗಿದಾಗ ಇಲ್ಲದ ಕಡೆಯೆಲ್ಲ ಅದರ ನೆರಳು ಬೀಳುತ್ತದೆ. ಗೇನನ್ನು ಸೊನ್ನೆಯಿಂದ ಆರಂಭಿಸಿ ನಿಧಾನವಾಗಿ ಏರಿಸಿ. ಸಿಗ್ನಲ್ ಏರದೆ ತಳದ ಗದ್ದಲ ಮಾತ್ರ ಏರಲು ಆರಂಭಿಸಿದ ಜಾಗದಿಂದ ಒಂದು ಹೆಜ್ಜೆ ಹಿಂದೆ ಬನ್ನಿ. ಎಚ್‌ಎಫ್‌ಗೆ ಮೀಡಿಯಂ ವೇವ್ ತಡೆಯುವ ಹೈಪಾಸ್ ಫಿಲ್ಟರ್, ವಿಎಚ್‌ಎಫ್‌ಗೆ (30ರಿಂದ 300 ಮೆಗಾಹರ್ಟ್ಸ್) ಎಫ್‌ಎಂ ಪ್ರಸಾರದ 88ರಿಂದ 108 ಮೆಗಾಹರ್ಟ್ಸ್ ತಡೆಯುವ ಫಿಲ್ಟರ್ ಇವೆರಡೂ ಹೊಸ ಡಾಂಗಲ್‌ಗಿಂತ ಹೆಚ್ಚು ಉಪಕಾರಿ.

ಮಾತಿನ ನಡುನಡುವೆ ಹಿನ್ನೆಲೆಯ ಗದ್ದಲ ಉಬ್ಬುತ್ತಾ ತಗ್ಗುತ್ತಾ ಇದ್ದರೆ ಅದು ಎಜಿಸಿ, ಅಂದರೆ ಗೇನನ್ನು ತಾನಾಗಿ ಏರಿಳಿಸುವ ವ್ಯವಸ್ಥೆ. ಎಸ್‌ಎಸ್‌ಬಿಗೆ ನಿಧಾನ, ಮೋರ್ಸ್‌ಗೆ ವೇಗ ಎಂದು ಇಡಿ.

ಎಫ್‌ಟಿ8 ತಂತ್ರಾಂಶವಾದ ಡಬ್ಲ್ಯೂಎಸ್‌ಜೆಟಿ-ಎಕ್ಸ್‌ಗೆ ಧ್ವನಿ ತಲುಪುತ್ತಿಲ್ಲ. ಅಥವಾ ತಲುಪಿದರೂ ಎಫ್‌ಟಿ8 ಡಿಕೋಡ್ ಆಗುತ್ತಿಲ್ಲ.

ತಲುಪದಿರುವುದಕ್ಕೆ ಹೆಚ್ಚಾಗಿ ಕಂಡುಬರುವ ಕಾರಣವು ವಿಂಡೋಸ್‌ನ ಮೈಕ್ರೋಫೋನ್ ಅನುಮತಿ. ಒಂದು ತಂತ್ರಾಂಶದ ಧ್ವನಿಯನ್ನು ಇನ್ನೊಂದಕ್ಕೆ ಒಯ್ಯುವ ವರ್ಚುವಲ್ ಕೇಬಲ್‌ನ ತುದಿಯೂ ವಿಂಡೋಸ್‌ನ ದೃಷ್ಟಿಯಲ್ಲಿ ಒಂದು ಮೈಕ್ ಆದ್ದರಿಂದ, ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಡೆಸ್ಕ್‌ಟಾಪ್ ಆಪ್‌ಗಳಿಗೆ ಮೈಕ್ ಬಳಸಲು ಬಿಡದಿದ್ದರೆ ಧ್ವನಿಯ ಮಟ್ಟ ತೋರಿಸುವ ಹಸಿರು ಪಟ್ಟಿ ಸೊನ್ನೆಯಲ್ಲೇ ನಿಲ್ಲುತ್ತದೆ, ತಪ್ಪು ಸಂದೇಶವೂ ಬರುವುದಿಲ್ಲ. ವಿಬಿ-ಕೇಬಲ್ ಬಳಸುವವರು ಎಸ್‌ಡಿಆರ್‌ನ ಔಟ್‌ಪುಟ್‌ಗೆ "ಕೇಬಲ್ ಇನ್‌ಪುಟ್", ಡಬ್ಲ್ಯೂಎಸ್‌ಜೆಟಿ-ಎಕ್ಸ್‌ನ ಇನ್‌ಪುಟ್‌ಗೆ "ಕೇಬಲ್ ಔಟ್‌ಪುಟ್" ಆರಿಸಬೇಕು. ಹೆಸರು ಉಲ್ಟಾ ಎನಿಸಿದರೂ ಅದೇ ಸರಿ. ಬಿಂದಿಗೆಯಿಂದ ಸುರಿಯುವ ಕಡೆಗೆ ಕೊಳವೆಯ ಬಾಯಿ ಇರಬೇಕಲ್ಲವೇ. ಲಿನಕ್ಸ್‌ನಲ್ಲಿ ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್ ತೆರೆದರೆ ಯಾವ ತಂತ್ರಾಂಶದ ಧ್ವನಿ ಎಲ್ಲಿಗೆ ಹೋಗುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ.

ತಲುಪಿದ ಮೇಲೆ ಮಟ್ಟ ಹೊಂದಿಸಿ: ಸಿಗ್ನಲ್ ಇಲ್ಲದ, ಬರೀ ಗದ್ದಲವಿರುವ ಕಡೆ ಪಟ್ಟಿಯು 30 ಡೆಸಿಬೆಲ್ ತೋರಿಸಲಿ. ವಾಟರ್‌ಫಾಲ್‌ನಲ್ಲಿ ಎಫ್‌ಟಿ8 ಗೆರೆಗಳು ಕಂಡರೂ ಡಿಕೋಡ್ ಆಗದಿದ್ದರೆ ಕಂಪ್ಯೂಟರ್ ಗಡಿಯಾರ ನೋಡಿ. ಎಫ್‌ಟಿ8 15 ಸೆಕೆಂಡಿನ ಸರದಿಯಲ್ಲಿ ನಡೆಯುತ್ತದೆ. ಗಡಿಯಾರ ಒಂದು ಸೆಕೆಂಡಿನೊಳಗೆ ಸರಿಯಿರಬೇಕು. ನಂದಿಬೆಟ್ಟಕ್ಕೋ ದೇವರಾಯನದುರ್ಗಕ್ಕೋ ಲ್ಯಾಪ್‌ಟಾಪ್ ಹೊತ್ತು ಹೋಗುವವರು ನೆಟ್‌ವರ್ಕ್ ಸಿಗುವ ಜಾಗದಲ್ಲೇ ಸಮಯ ಹೊಂದಿಸಿಕೊಂಡು ಹೊರಡುವುದು ಒಳ್ಳೆಯದು. ಎಸ್‌ಡಿಆರ್ ಬದಿಯ ನಾಯ್ಸ್ ರಿಡಕ್ಷನ್, ನಾಚ್, ಕಿರಿದಾದ ಫಿಲ್ಟರ್ ಎಲ್ಲವನ್ನೂ ಡಿಜಿಟಲ್‌ಗೆ ತೆಗೆದುಬಿಡಬೇಕು.

ಧ್ವನಿಯ ರೂಪದಲ್ಲಿ ಕಳುಹಿಸುವ ಎಸ್‌ಎಸ್‌ಟಿವಿ ಚಿತ್ರ ಓರೆಯಾಗಿ ಬರುತ್ತದೆ.

ಸೌಂಡ್ ಕಾರ್ಡ್‌ನ ಗಡಿಯಾರದ ದೋಷವೇ ಚಿತ್ರವಾಗಿ ಕಾಣುತ್ತಿದೆ. ತಂತ್ರಾಂಶದ ಸ್ಲಾಂಟ್ ತಿದ್ದುಪಡಿಯನ್ನು ಒಮ್ಮೆ ಹೊಂದಿಸಿದರೆ ಅದೇ ಕಂಪ್ಯೂಟರಿಗೆ ಮತ್ತೆ ಬೇಕಾಗುವುದಿಲ್ಲ.

ನಾನು ಪ್ರಸಾರ ಮಾಡುವಾಗ ನನ್ನ ಧ್ವನಿ ಒಡೆದಂತಿದೆ ಎಂದು ಎದುರಿನವರು ಹೇಳುತ್ತಾರೆ.

ಪ್ರಸಾರಕ್ಕೆ ಪರವಾನಗಿ ಇರುವವರಿಗಷ್ಟೇ ಈ ಉತ್ತರ. ಆಂಟೆನಾದ ಬದಲು 50 ಓಮ್ ಡಮ್ಮಿ ಲೋಡ್ (ಶಕ್ತಿಯನ್ನು ಹೊರಸೂಸದೆ ಹೀರಿಕೊಳ್ಳುವ ಸಾಧನ) ಜೋಡಿಸಿ, ಇನ್ನೊಂದು ಡಾಂಗಲ್‌ನಲ್ಲಿ ನಿಮ್ಮ ಧ್ವನಿಯನ್ನು ಹೆಡ್‌ಫೋನ್ ಹಾಕಿ ನೀವೇ ಕೇಳಿ. ಡಮ್ಮಿ ಲೋಡ್‌ನಲ್ಲಿ ಸ್ವಚ್ಛವಾಗಿದ್ದು ಆಂಟೆನಾಗೆ ಬದಲಿಸಿದಾಗ ಮಾತ್ರ ಒಡೆದರೆ, ನಿಮ್ಮದೇ ರೇಡಿಯೋ ಶಕ್ತಿ ಮೈಕ್ ವೈರ್ ಅಥವಾ ಯುಎಸ್‌ಬಿ ಕೇಬಲ್ ಮೂಲಕ ಒಳನುಗ್ಗುತ್ತಿದೆ. ಪವರ್ ಇಳಿಸಿದಾಗ ದೋಷವೂ ಇಳಿಯುತ್ತದೆ. ಮೈಕ್, ಯುಎಸ್‌ಬಿ, ಡಿಸಿ ವೈರ್‌ಗಳಿಗೆಲ್ಲ ಫೆರೈಟ್ ಹಾಕಿ, ಆಂಟೆನಾದ ಬುಡದಲ್ಲಿ ಮೇಲೆ ಹೇಳಿದ ಫೆರೈಟ್ ಬಳೆಯ ಚೋಕ್ ಸೇರಿಸಿ.

ಡಮ್ಮಿ ಲೋಡ್‌ನಲ್ಲೂ ಒಡೆದರೆ ಮೈಕ್ ಗೇನ್ ಹೆಚ್ಚಾಗಿದೆ. ನಮ್ಮಲ್ಲಿ ಅನೇಕರಿಗೆ ಎಎಲ್‌ಸಿ (ಪ್ರಸಾರದ ಮಟ್ಟವನ್ನು ತಾನಾಗಿ ಹಿಡಿತದಲ್ಲಿಡುವ ವ್ಯವಸ್ಥೆ) ಮುಳ್ಳು ತುದಿ ಮುಟ್ಟಿದರೆ ದೂರ ಕೇಳಿಸುತ್ತದೆ ಎಂಬ ನಂಬಿಕೆಯಿದೆ. ದೂರವಲ್ಲ, ಅಗಲ ಕೇಳಿಸುತ್ತದೆ. ಪಕ್ಕದ ಫ್ರೀಕ್ವೆನ್ಸಿಯವರು ಶಪಿಸುತ್ತಿರುತ್ತಾರೆ. ಕಂಪ್ಯೂಟರ್ ಮೈಕ್ ಬಳಸುವವರು ವಿಂಡೋಸ್‌ನ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್‌ಗಳನ್ನೂ ನಿಲ್ಲಿಸಬೇಕು, ಅವು ಮಾತಿನ ಮೊದಲ ಅಕ್ಷರವನ್ನೇ ನುಂಗುವುದುಂಟು. ಸೌಂಡ್ ಸೆಟ್ಟಿಂಗ್‌ನ ಕಮ್ಯುನಿಕೇಷನ್ಸ್ ಪುಟದಲ್ಲಿ "ಡು ನಥಿಂಗ್" ಆರಿಸದಿದ್ದರೆ ವಿಂಡೋಸ್ ತಾನಾಗಿಯೇ ಇತರ ಸದ್ದುಗಳನ್ನು ಶೇಕಡ 80ರಷ್ಟು ತಗ್ಗಿಸಬಹುದು.

ಐಕಾಮ್ ಐಸಿ-7300ರಂತಹ ರೇಡಿಯೋದಲ್ಲಿ ಎಫ್‌ಟಿ8 ಮಾಡುವಾಗ ಪವರ್ ಬರದಿದ್ದರೆ ಮೋಡ್ ಯುಎಸ್‌ಬಿ-ಡಿ (ಅಪ್ಪರ್ ಸೈಡ್‌ಬ್ಯಾಂಡ್ ಡೇಟಾ) ಆಗಿದೆಯೇ, ಡೇಟಾ ಮಾಡ್ಯುಲೇಷನ್ ಮೂಲ ಯುಎಸ್‌ಬಿ (ಇಲ್ಲಿ ಕಂಪ್ಯೂಟರಿನ ಕೇಬಲ್) ಎಂದಿದೆಯೇ ಎಂದು ನೋಡಿ. ವಿಂಡೋಸ್‌ನ ಗಂಟೆ ಸದ್ದು ಆಕಾಶಕ್ಕೆ ಹೋಗದಂತೆ ಸಿಸ್ಟಂ ಸೌಂಡ್‌ಗಳನ್ನು ಬೇರೆ ಸಾಧನಕ್ಕೆ ಕೊಡಿ.

ನನ್ನ ಧ್ವನಿಯನ್ನೇ ತಡವಾಗಿ ಕೇಳಿ ಮಾತು ತಡವರಿಸುತ್ತದೆ. ಮೋರ್ಸ್ ಕೀ ಒತ್ತುವಾಗಲೂ ಇದೇ ಪಾಡು.

ಬಫರ್, ಡಿಎಸ್‌ಪಿ (ಸಿಗ್ನಲ್ ಸಂಸ್ಕರಿಸುವ ಲೆಕ್ಕಾಚಾರ) ಎಲ್ಲ ಸೇರಿ ಎಸ್‌ಡಿಆರ್‌ನಲ್ಲಿ ತಡ ಇದ್ದೇ ಇರುತ್ತದೆ. ನಿಮ್ಮ ಧ್ವನಿ ನಿಮಗೇ ಕೇಳಿಸುವ ಮಾನಿಟರ್ ಸೌಲಭ್ಯ ನಿಲ್ಲಿಸಿ ಮಾತನಾಡಿ. ಮೋರ್ಸ್‌ಗೆ ಕೀಯರ್ ಅಥವಾ ರೇಡಿಯೋದೊಳಗಿನ ಸೈಡ್‌ಟೋನ್ (ಕೀ ಒತ್ತಿದಾಗ ಕೇಳುವ ಸ್ವರ) ಬಳಸಿ. ಬ್ಲೂಟೂತ್ ಹೆಡ್‌ಸೆಟ್ ಬೇಡ: ಅದರಿಂದ ತಡವೂ ಹೆಚ್ಚುತ್ತದೆ, ಮೈಕ್ ತೆರೆದ ಕೂಡಲೇ ಧ್ವನಿಯ ಗುಣಮಟ್ಟ ಟೆಲಿಫೋನ್ ಮಟ್ಟಕ್ಕೆ ಇಳಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ದರೆ ನಿಮಗೆ ಏನನ್ನು ಕಳುಹಿಸಬೇಕು?

ಮೊಬೈಲ್ ಅನ್ನು ಸ್ಪೀಕರ್ ಮುಂದೆ ಹಿಡಿದು ಮಾಡಿದ ರೆಕಾರ್ಡಿಂಗ್ ಬೇಡ. ಅದರಲ್ಲಿ ಫ್ಯಾನಿನ ಸದ್ದೇ ಹೆಚ್ಚು. ದೋಷ ಕಾಣಿಸುತ್ತಿರುವಾಗ ಐಕ್ಯೂ ರೆಕಾರ್ಡಿಂಗ್ (ಡಾಂಗಲ್ ಕಳುಹಿಸಿದ ಕಚ್ಚಾ ಸ್ಯಾಂಪಲ್‌ಗಳ ರೆಕಾರ್ಡಿಂಗ್) ಮಾಡಿ. ಸೆಕೆಂಡಿಗೆ 2.5 ಲಕ್ಷ ಸ್ಯಾಂಪಲ್, 16 ಬಿಟ್ ಇಟ್ಟರೆ ಒಂದು ನಿಮಿಷಕ್ಕೆ 60 ಮೆಗಾಬೈಟ್ ಆಗುತ್ತದೆ, ಅಷ್ಟು ಸಾಕು. ಅದನ್ನು ನನ್ನ ಕಂಪ್ಯೂಟರಿನಲ್ಲಿ ನುಡಿಸಿದಾಗ ದೋಷ ಕೇಳಿಸಿದರೆ ಅದು ನಿಮ್ಮ ಆಂಟೆನಾದಿಂದ ಯುಎಸ್‌ಬಿವರೆಗಿನದು, ಕೇಳಿಸದಿದ್ದರೆ ನಿಮ್ಮ ಸಾಫ್ಟ್‌ವೇರ್‌ನಿಂದ ಕಿವಿಯವರೆಗಿನದು. ಜೊತೆಗೆ ಡಾಂಗಲ್ ಯಾವುದು, ಸ್ಯಾಂಪಲ್ ರೇಟ್ ಎಷ್ಟು, ಗೇನ್ ಎಷ್ಟು, ರೆಕಾರ್ಡ್ ಮಾಡಿದ ಸಮಯ ಯಾವುದು ಎಂದು ಬರೆಯಿರಿ. ಆಗ ತ್ರೀ ಫೇಸ್ ಇತ್ತೋ ಇಲ್ಲವೋ ಎಂಬುದನ್ನೂ.